ಸ್ಕ್ರೀನ್ ನಮ್ಮದು, ಬೀಗ ಕಂಪನಿಯದ್ದಾ?

ಥಿಂಕ್‌ಪ್ಯಾಡ್ ಟಿ440ಪಿ ಲ್ಯಾಪ್‌ಟಾಪಿನ ಮಂಕು 1366×768 ಸ್ಕ್ರೀನ್ ಕಿತ್ತು, ಬೇರೆ ಮಾಡೆಲಿನ 14 ಇಂಚಿನ 1920×1080 ಐಪಿಎಸ್ ಪ್ಯಾನೆಲ್ ಕೂರಿಸಬಹುದು. ಪಿಕ್ಸೆಲ್ ಹೆಚ್ಚುಕಮ್ಮಿ ದುಪ್ಪಟ್ಟು, ಓರೆಯಿಂದ ನೋಡಿದರೂ ಬಣ್ಣ ಕೆಡಲ್ಲ. ಬೆಂಗಳೂರಿನ ಎಸ್‌ಪಿ ರೋಡಿನ ರಿಪೇರಿಯವರಿಗೆ ಇದೇನು ಬ್ರಹ್ಮವಿದ್ಯೆಯಲ್ಲ. 30 ಪಿನ್ನಿನ ಇಡಿಪಿ ಕನೆಕ್ಟರ್, ಸ್ಕ್ರೂ ಕೂರುವ ಜಾಗ, ದಪ್ಪ ಹೊಂದಿದರೆ ಆಯ್ತು.

ಇದು ಕಂಪನಿಯ ಔದಾರ್ಯ ಅಂದುಕೊಳ್ಳಬೇಡಿ. ಹಲವು ಕಂಪನಿಗಳು ಒಂದೇ ಮಾದರಿಯ ಕನೆಕ್ಟರ್ ಬಳಸಿದ್ದರ ಫಲ ಇದು. ಫೋನುಗಳಲ್ಲಿ ಈ ದಾರಿ ಆಗಲೇ ಕಿರಿದಾಗಿದೆ: ಸ್ಕ್ರೀನನ್ನು ಸಾಫ್ಟ್‌ವೇರ್ ಮೂಲಕ ಅದೇ ಫೋನಿಗೆ ಕಟ್ಟಿಹಾಕಿ, ಬೇರೆಯದು ಹಾಕಿದರೆ ಎಚ್ಚರಿಕೆ ತೋರಿಸೋದು, ಕೆಲವು ಸೌಲಭ್ಯ ನಿಲ್ಲಿಸೋದು ನಡೆದಿದೆ. ನಾಳೆ ಲ್ಯಾಪ್‌ಟಾಪಿಗೂ ಇದೇ ಬಂದರೆ ತಡೆಯೋದು ಯಾರು?

ಅಮೆರಿಕದ ಒರೆಗಾನ್ ರಾಜ್ಯ 2024ರಲ್ಲಿ ಕಾನೂನು ಮಾಡಿ ಇಂಥ ಬೀಗಕ್ಕೆ ತಡೆ ಹಾಕಿತು. ನಮ್ಮಲ್ಲಿ? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ರಚಿಸಿತು, ಡಿಸೆಂಬರಿನಲ್ಲಿ 'ರಿಪೇರಿ ಹಕ್ಕಿನ' ಪೋರ್ಟಲ್ ತೆರೆಯಿತು. ಹೆಸರಿನಲ್ಲಿ ಹಕ್ಕು ಇದೆ ನಿಜ. ಆದರೆ ಕಂಪನಿ ಬಿಡಿಭಾಗ ಮಾರಲೇಬೇಕು, ಸಾಫ್ಟ್‌ವೇರ್ ಬೀಗ ಹಾಕಕೂಡದು ಅನ್ನೋದಕ್ಕೆ ಪೋರ್ಟಲ್ ಸಾಲಲ್ಲ, ಕಾಯ್ದೆಯೇ ಬೇಕು. ಅದರಲ್ಲಿ ಲ್ಯಾಪ್‌ಟಾಪಿನ ಹೆಸರೂ ಇರಬೇಕು.