ಐದೇ ನಿಮಿಷ ತಾನೇ?

ಬಹಳ ದಿನವಾಯ್ತು ಇಲ್ಲಿ ಬರೆದು. ಈ ಸಲ ಬ್ಯಾಂಕು, ಕನ್ನಡ ಸಂಘ, ಮಾವಿನಕಾಯಿ ಉಪ್ಪಿನಕಾಯಿ ಯಾವುದೂ ಅಲ್ಲ, ಕುದುರೆ ವಿಷಯ. ನಗಬೇಡಿ!

ಪುಣೆಗೆ ಬಂದು ಇಪ್ಪತ್ತಾರು ವರ್ಷ. ಕುದುರೆ ಅಂದರೆ ನನಗೆ ದಸರಾ ಮೆರವಣಿಗೆಯಲ್ಲಿ ಚಿಕ್ಕಂದಿನಲ್ಲಿ ನೋಡಿದ್ದು, ಅಷ್ಟೇ. ಮಗಳಿಗೆ ಸವಾರಿ ಕಲಿಯೋ ಹುಚ್ಚು ಹತ್ತಿದ ಮೇಲೆ ನಾನೂ ಭಾನುವಾರ ಬೆಳಗ್ಗೆ ಲಾಯದ ಬೇಲಿ ಪಕ್ಕ ಚಹಾ ಹಿಡಿದು ನಿಲ್ಲೋ ಅಪ್ಪಂದಿರ ಗುಂಪಿಗೆ ಸೇರಿಕೊಂಡೆ. ನಾಲ್ಕು ವರ್ಷ ನಿಂತು ನಿಂತು ಒಂದಿಷ್ಟು ಕಲಿತೆ. ಅದರಲ್ಲಿ ಒಂದು ಪಾಠ ಮಾತ್ರ ತಡವಾಗಿ ಬಂತು, ಬೇರೆಯವರ ಕೈ ಮುರಿದ ಮೇಲೆ.

ಮಗಳು ಸವಾರಿ ಮಾಡುತ್ತಿದ್ದ ಕುದುರೆ ಬಾದಲ್. ಇಲ್ಲಿನ ಸವಾರಿ ಶಾಲೆಗಳಲ್ಲಿ ರೇಸಿನಿಂದ ನಿವೃತ್ತಿಯಾದ ಕುದುರೆಗಳು ಬಹಳ. ಬಾದಲ್ ಕೂಡ ಅಂಥದ್ದೇ. ಓಡೋಕೆ ಅಂತಲೇ ಹುಟ್ಟಿಸಿ, ಓಡೋಕೆ ಅಂತಲೇ ಬೆಳೆಸಿದ ಪ್ರಾಣಿ. ಅದರ ಮುಂಗಾಲಿನ ಹಿಂಭಾಗದಲ್ಲಿ ಇಳಿದು ಬರೋ ಟೆಂಡನ್ ಹರಿಯಿತು. ಪಶುವೈದ್ಯರು ಸ್ಕ್ಯಾನ್ ಮಾಡಿ ಲಾಯದೊಳಗೇ ವಿಶ್ರಾಂತಿ ಅಂದರು. ಆಮೇಲೆ ದಿನಕ್ಕೆ ಐದು ನಿಮಿಷ ಕೈಯಲ್ಲಿ ಹಿಡಿದು ನಡೆಸಿ, ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ಅಂದರು. ಪೂರ್ತಿ ವಾಸಿಯಾಗೋಕೆ ಒಂಬತ್ತು ತಿಂಗಳಿಂದ ಒಂದು ವರ್ಷ.

ಹಾಗಾದರೆ ಸುಮ್ಮನೆ ನಿಲ್ಲಿಸಿಬಿಡಬಹುದಲ್ಲ, ನಡೆಸೋದು ಯಾಕೆ ಅಂತ ನಾನೂ ಕೇಳಿದ್ದೆ. ಹರಿದ ಜಾಗದಲ್ಲಿ ಹೊಸ ಎಳೆಗಳು ಮೊದಲು ಅಡ್ಡಾದಿಡ್ಡಿ ಬೆಳೆಯುತ್ತವಂತೆ. ಹದವಾಗಿ ನಡೆಸಿದರೆ ಅವು ಭಾರ ಬೀಳೋ ದಿಕ್ಕಿಗೆ ಸಾಲಾಗಿ ಜೋಡಿಸಿಕೊಳ್ಳುತ್ತವೆ. ನಡೆಸದಿದ್ದರೆ ಆ ಜೋಡಣೆ ಸರಿಯಾಗಿ ಆಗಲ್ಲ, ಜಿಗಿದು ಓಡಿದರೆ ಮತ್ತೆ ಹರಿಯುತ್ತವೆ. ಅಂದರೆ ನಡೆಸಲೇಬೇಕು, ಆದರೆ ನಡಿಗೆ ನಡಿಗೆಯಾಗಿಯೇ ಇರಬೇಕು. ಸಮಸ್ಯೆ ಇರೋದೇ ಇಲ್ಲಿ. ಸುಮಾರು 450-500 ಕೆ.ಜಿ. ತೂಕದ, ವಾರಗಟ್ಟಲೆ ನಾಲ್ಕು ಗೋಡೆ ನಡುವೆ ನಿಂತ ಪ್ರಾಣಿಗೆ ‘ಮೆಲ್ಲಗೆ ನಡಿಯಪ್ಪ’ ಅಂತ ಹೇಳೋದು ಹೇಗೆ? 2020ರ ಲಾಕ್‌ಡೌನಿನಲ್ಲಿ ಮೊದಲ ಸಲ ಹಾಲಿಗೆ ಅಂತ ಹೊರಗೆ ಬಂದಾಗ ನಾವೆಲ್ಲ ಹೇಗಿದ್ದೆವು ನೆನಪಿದೆಯಾ?

ಇಲ್ಲಿ ಕುದುರೆ ನೋಡಿಕೊಳ್ಳುವವರಿಗೆ ಸಯೀಸ್ ಅಂತಾರೆ (ಕನ್ನಡದ ಕಿವಿಗೆ ಅಪಶಕುನದ ಹಾಗೆ ಕೇಳಿಸುತ್ತೆ, ಏನು ಮಾಡೋದು). ಬಾದಲ್‌ನ ಸಯೀಸ್ ವಿಜಯಪುರದ ಕಡೆಯವರು, ಅರವತ್ತರ ಹತ್ತಿರ. ನಾವೆಲ್ಲ ಕಾಕಾ ಅಂತಲೇ ಕರೆಯೋದು. ಆ ಭಾನುವಾರ ಕಾಕಾ ಊರ ಜಾತ್ರೆಗೆ ಹೋಗಿದ್ದರು. ಹೊಸದಾಗಿ ಸೇರಿದ್ದ ಹತ್ತೊಂಬತ್ತರ ಹುಡುಗನೊಬ್ಬ ಇದ್ದ. ಮ್ಯಾನೇಜರ್ ಅವನಿಗೆ ಬಾದಲ್‌ನನ್ನು ನಡೆಸು ಅಂದರು. ಹುಡುಗ ಹಿಂದೆಮುಂದೆ ನೋಡಿದ. ಆಗ ನಾನು, ಚಹಾ ಲೋಟ ಹಿಡಿದಿದ್ದ ನಾನು, ಬಾಯಿ ಹಾಕಿದೆ: “ಐದೇ ನಿಮಿಷ ತಾನೇ, ನಡೆಸಿಬಿಡಪ್ಪ.”

ಹೊರಗೆ ಬಂದು ಎರಡು ನಿಮಿಷ ಆಗಿತ್ತೋ ಇಲ್ಲವೋ, ರಸ್ತೆಯಲ್ಲಿ ಬೈಕೊಂದು ಢಬ್ ಅಂತು. ಬಾದಲ್ ಹಿಂಗಾಲ ಮೇಲೆ ಎದ್ದು ನಿಂತಿತು. ಹಗ್ಗ ಜಾರದಿರಲಿ ಅಂತ ಹುಡುಗ ಅದನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದ. ಕುದುರೆ ಓಡಿದಾಗ ಅವನನ್ನೂ ಎಳೆದುಕೊಂಡೇ ಹೋಯಿತು. ಎರಡು ಬೆರಳು ಮುರಿದವು, ಅಂಗೈ ಚರ್ಮ ಕಿತ್ತು ಬಂತು. ಒಂದು ಒದೆತ ತಲೆಯ ಪಕ್ಕದಲ್ಲೇ ಹಾದುಹೋಯಿತು. ತಲೆ ಮೇಲೆ ಇದ್ದದ್ದು ಬರೀ ಬಟ್ಟೆ ಟೋಪಿ. ಬಾದಲ್ ಕಾಲು ಮತ್ತೆ ಊದಿಕೊಂಡಿತು, ಸ್ಕ್ಯಾನ್‌ನಲ್ಲಿ ಕಥೆ ಮೊದಲಿಂದ ಶುರು.

ಸಂಜೆಯೊಳಗೆ ಎಲ್ಲರೂ ಒಂದು ತೀರ್ಮಾನಕ್ಕೆ ಬಂದಿದ್ದರು: ಹುಡುಗನಿಗೆ ಕುದುರೆ ಹಿಡಿಯೋಕೆ ಬರಲ್ಲ. ಇನ್ನು ಕೆಲವರು: ಕುದುರೆಯೇ ಕೆಟ್ಟದ್ದು. ನಾನು ಏನೂ ಹೇಳಲಿಲ್ಲ. ಹೇಳಬೇಕಿತ್ತು.

ಊರಿಂದ ಬಂದ ಕಾಕಾ ಹೇಳಿದ್ದು ಇದು: “ಕುದ್ರಿ ಕೆಟ್ಟದ್ದಲ್ರೀ ಸಾಹೇಬ್ರ. ತಿಂಗಳಗಟ್ಲೆ ಕೋಣ್ಯಾಗ ಕೂಡಿ ಹಾಕಿದ್ರ ಮನಶ್ಯಾಗೂ ತಲಿ ಕೆಡತೈತಿ. ಹುಡುಗಂದೂ ತಪ್ಪಲ್ಲ, ಅವಂಗ ಯಾರು ಹೇಳಿಕೊಟ್ಟಾರ್ರೀ?”

ಆಮೇಲೆ ನಾಲ್ಕು ಭಾನುವಾರ ಕಾಕಾ ಬಾದಲ್‌ನನ್ನು ನಡೆಸೋದನ್ನು ಗಮನಿಸಿ ನೋಡಿದೆ. ಅವರ ಕೆಲಸ ಹೊರಗೆ ಬರೋದಕ್ಕೆ ಮುಂಚೆಯೇ ಶುರುವಾಗುತ್ತೆ. ವೈದ್ಯರನ್ನು ಕೇಳಿ ದಾಣಿ, ಓಟ್ಸ್ ಕಡಿಮೆ ಮಾಡಿದ್ದರು. ಕೆಲಸವಿಲ್ಲದ ಕುದುರೆಗೆ ಓಟದ ಕುದುರೆಯ ಊಟ ಹಾಕಿದರೆ ಆ ಶಕ್ತಿ ಎಲ್ಲಿಗೆ ಹೋಗಬೇಕು? ಹುಲ್ಲು ಮಾತ್ರ ಧಾರಾಳ. ಪಕ್ಕದ ಲಾಯದಲ್ಲಿ ಶಾಂತವಾದ ಮುದಿ ಹೆಣ್ಣು ಕುದುರೆಯನ್ನು ಕಟ್ಟಿದ್ದರು. ಹೊರಗೆ ಹೋಗುವಾಗಲೂ ಅದು ಜೊತೆಗೆ. ಬೇರೆ ಕುದುರೆಗಳು ಓಡುವ ಹೊತ್ತು, ದಾಣಿ ಹಾಕುವ ಹೊತ್ತು ಎರಡನ್ನೂ ಬಿಟ್ಟು, ಸದ್ದಿಲ್ಲದ ಹೊತ್ತು ಹುಡುಕಿ ದಿನಾ ಅದೇ ಸಮಯಕ್ಕೆ ಹೊರಡಿಸೋರು. ಗೇಟು ಮೊದಲೇ ಹಾಕಿರಬೇಕು. ನೆಲ ಸಮತಟ್ಟಾಗಿ ಗಟ್ಟಿಯಾಗಿರಬೇಕು, ಕಾಲು ಹೂತುಹೋಗೋ ಮರಳಲ್ಲಿ ಟೆಂಡನ್‌ಗೆ ಭಾರ ಹೆಚ್ಚು.

ಬರೀ ಮುಖಪಟ್ಟಿ ಸಾಲದು ಅಂತ ಕಡಿವಾಣ ಹಾಕೋರು. ಹಗ್ಗ ಹತ್ತು-ಹನ್ನೆರಡು ಅಡಿ. ಉಳಿದದ್ದನ್ನು ಮಡಿಸಿ ಮುಷ್ಟಿಯಲ್ಲಿ ಹಿಡಿಯಬೇಕೇ ಹೊರತು ಕೈಗೆ ಸುತ್ತಬಾರದು, ಎಂದೂ. ನಿಲ್ಲೋದು ಭುಜದ ಪಕ್ಕ. ಕುದುರೆಗೆ ಸುತ್ತ ಬಹುತೇಕ ಎಲ್ಲ ಕಡೆ ಕಾಣುತ್ತೆ, ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಮಾತ್ರ ಕಾಣಲ್ಲ. ಆ ಎರಡೂ ಜಾಗ ನಮಗೆ ಅಪಾಯ. ತಿರುಗಿಸುವಾಗ ದೊಡ್ಡ ಸುತ್ತು, ಅದೂ ನಮ್ಮಿಂದ ಆಚೆ ಕಡೆಗೆ. ಎದ್ದು ನಿಂತರೆ ಜಗ್ಗಬಾರದು, ಜಗ್ಗಿದರೆ ಹಿಂದಕ್ಕೆ ಬಿದ್ದುಬಿಡಬಹುದು. ಹಗ್ಗ ಸ್ವಲ್ಪ ಬಿಟ್ಟು ಪಕ್ಕಕ್ಕೆ ಸರಿಯಬೇಕು. ಕಾಲು ಕೆಳಗೆ ಇಟ್ಟ ಮೇಲೆ ತಲೆಯನ್ನು ನಮ್ಮ ಕಡೆ ತಿರುಗಿಸಿದರೆ ಹಿಂಗಾಲು ಆಚೆ ಹೋಗುತ್ತೆ. ವಾಪಸ್ ಒಳಗೆ ಬಿಡುವಾಗಲೂ ಅದರ ಮುಖ ಬಾಗಿಲ ಕಡೆ ತಿರುಗಿಸಿ ಆಮೇಲೆ ಹಗ್ಗ ಬಿಚ್ಚೋರು. ಬಿಟ್ಟ ಖುಷಿಗೆ ಹಿಂಗಾಲು ಝಾಡಿಸಿದರೂ ಅದು ಗೋಡೆ ಕಡೆಗೆ.

ಇದನ್ನೆಲ್ಲ ನೋಡಿದ ಮೇಲೆ ‘ಐದೇ ನಿಮಿಷ’ ಅನ್ನೋ ಮಾತು ನನ್ನ ಬಾಯಲ್ಲಿ ಮತ್ತೆ ಬರಲಿಲ್ಲ. ಇದು ಮನೆ ನಾಯಿಯನ್ನು ಸುತ್ತಾಡಿಸೋ ಕೆಲಸ ಅಲ್ಲ. ಇಡೀ ಚಿಕಿತ್ಸೆಯಲ್ಲಿ ಅತಿ ಅಪಾಯದ ಐದು ನಿಮಿಷ ಇದೇ ಅನ್ನೋದು ನನ್ನ ಅಭಿಪ್ರಾಯ. ವೈದ್ಯರ ಚೀಟಿಯಲ್ಲಿ ‘ವಿಶ್ರಾಂತಿ’ ಅಂತ ಬರೆದಿರೋದರಿಂದ ನಾವೆಲ್ಲ ಮೋಸ ಹೋಗುತ್ತೇವೆ. ವಿಶ್ರಾಂತಿ ಕುದುರೆಗೆ, ಹಗ್ಗ ಹಿಡಿದವನಿಗಲ್ಲ.

ಮತ್ತು ಆ ಹಗ್ಗ ಹಿಡಿದವನಿಗೆ ನಾವು ಕೊಟ್ಟಿರೋದೇನು? ಶಾಂತ ಕುದುರೆ ಮೇಲೆ ಕೂರೋ ನನ್ನ ಮಗಳಿಗೆ ಹೆಲ್ಮೆಟ್ ಇಲ್ಲದೆ ಒಳಗೆ ಬಿಡಲ್ಲ. ಹುಚ್ಚೆದ್ದ ಕುದುರೆಯನ್ನು ಹಿಡಿಯೋ ಹುಡುಗನಿಗೆ ಬಟ್ಟೆ ಟೋಪಿ, ಹವಾಯಿ ಚಪ್ಪಲಿ. ಇದು ಯಾವ ಲೆಕ್ಕ? ಬ್ಯಾಂಕಿನಲ್ಲಿ ಕ್ಯಾಶ್ ಸೇಫ್ ತೆರೆಯೋಕೆ ಇಬ್ಬರ ಕೈಲಿ ಎರಡು ಕೀಲಿ ಬೇಕು, ಒಬ್ಬನೇ ತೆರೆಯೋ ಹಾಗಿಲ್ಲ. ಅದು ಬರೀ ದುಡ್ಡಿಗೆ. ಇಲ್ಲಿ ಜೀವದ ಪ್ರಶ್ನೆ, ಕಾವಲಿಗೆ ಒಬ್ಬ ಹುಡುಗ.

ಮದ್ದು ಕೊಟ್ಟರೆ ಸಾಕಲ್ಲ ಅಂತ ಒಬ್ಬರು ಅಂದರು. ಮೊದಲ ದಿನಗಳಲ್ಲಿ ವೈದ್ಯರು ಅಸೆಪ್ರೊಮಜೀನ್ ಥರದ ಶಾಂತಗೊಳಿಸೋ ಔಷಧಿ ಕೊಡೋದುಂಟು, ಅದು ಬಹಳ ಸಹಾಯವೂ ಹೌದು. ಆದರೆ ಪ್ರಮಾಣ ವೈದ್ಯರೇ ಹೇಳಬೇಕು. ಔಷಧಿ ಹಿಡಿಯೋ ತನಕ ಸದ್ದಿಲ್ಲದೆ ಕಾಯಬೇಕು. ಮತ್ತೆ ಔಷಧಿ ತಗೊಂಡ ಕುದುರೆಯೂ ಬೆಚ್ಚಿ ಜಿಗಿಯಬಲ್ಲದು. ಹೆಲ್ಮೆಟ್ಟಿಗೆ ಬದಲು ಅದಲ್ಲ.

‘ಮೂವತ್ತು ವರ್ಷದಿಂದ ಹೀಗೇ ಮಾಡ್ತಿದ್ದಾರೆ, ಏನೂ ಆಗಿಲ್ಲ’ ಅನ್ನೋ ಮಾತೂ ಬಂತು. ಕಾಕಾ ತಮ್ಮ ಎಡಗೈ ಚಾಚಿ ತೋರಿಸಿದರು. ಕಿರುಬೆರಳು ಅರ್ಧ ಇಲ್ಲ. ನಾಲ್ಕು ವರ್ಷ ದಿನಾ ಸಲಾಂ ಹೊಡೆಯೋ ಆ ಕೈಯನ್ನು ನಾನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಹಗ್ಗ ಹಿಡಿಯುವವರಿಗೆ ಹೆಲ್ಮೆಟ್, ಕೈಗವಸು, ಗಟ್ಟಿ ಬೂಟು. ಪಕ್ಕದಲ್ಲಿ ಇನ್ನೊಬ್ಬರು. ಹೊಸಬರ ಕೈಗೆ ಇಂಥ ಕುದುರೆ ಬೇಡ. ಕೊನೆಯದು ಎಲ್ಲಕ್ಕಿಂತ ಮುಖ್ಯ: ‘ಇವತ್ತು ಇದರ ಲಕ್ಷಣ ಸರಿಯಿಲ್ಲ, ಹೊರಗೆ ತರಲ್ಲ’ ಅಂತ ಸಯೀಸ್ ಹೇಳಿದರೆ ಆ ಮಾತು ನಡೆಯಬೇಕು. ತೀರಾ ಕೈಮೀರಿದರೆ ಹಗ್ಗ ಬಿಟ್ಟುಬಿಡು, ಯಾರೂ ಬೈಯಲ್ಲ ಅಂತ ಮೊದಲೇ ಹೇಳಿರಬೇಕು. ಆ ಹುಡುಗ ಹಗ್ಗ ಸುತ್ತಿಕೊಂಡಿದ್ದು ಕುದುರೆ ಭಯಕ್ಕಲ್ಲ, ನಮ್ಮ ಭಯಕ್ಕೆ.

ಅಪ್ಪಂದಿರೆಲ್ಲ ಸೇರಿ ಎರಡು ಹೆಲ್ಮೆಟ್, ನಾಲ್ಕು ಜೊತೆ ಕೈಗವಸು ತಂದುಕೊಟ್ಟೆವು. ಹುಡುಗನ ಆಸ್ಪತ್ರೆ ಖರ್ಚಿನಲ್ಲಿ ನನ್ನ ಪಾಲೂ ಇತ್ತು. ಇದನ್ನು ದಾನ ಅಂತ ಬರೆಯುತ್ತಿಲ್ಲ, ಬಾಕಿ ಅಂತ ಬರೆಯುತ್ತಿದ್ದೇನೆ. ಅವನು ಕೆಲಸಕ್ಕೆ ವಾಪಸ್ ಬಂದಿದ್ದಾನೆ, ಒಂದು ಬೆರಳು ಇನ್ನೂ ಪೂರ್ತಿ ಮಡಿಚಲು ಬರಲ್ಲ. ಬಾದಲ್ ಈಗ ದಿನಕ್ಕೆ ಇಪ್ಪತ್ತು ನಿಮಿಷ ನಡೆಯುತ್ತೆ, ಕಾಕಾ ಒಂದು ಪಕ್ಕ, ಹುಡುಗ ಇನ್ನೊಂದು ಪಕ್ಕ.

ನಿಮ್ಮ ಮಕ್ಕಳೂ ಸವಾರಿಗೆ ಹೋಗುತ್ತಿದ್ದರೆ ಮುಂದಿನ ಭಾನುವಾರ ಕುದುರೆ ಮೇಲೆ ಕೂತವರನ್ನು ನೋಡಿದ ಮೇಲೆ, ಕೆಳಗೆ ಹಗ್ಗ ಹಿಡಿದವರ ತಲೆ ಮೇಲೆ ಏನಿದೆ ಅಂತಲೂ ಒಮ್ಮೆ ನೋಡಿ. ನೋಡಿ ನನಗೂ ತಿಳಿಸಿ.