ನಮ್ಮ ಸೊಂಟ ಅಳೆಯಲು ಇವರ್ಯಾರು?

ಬಸವಕಲ್ಯಾಣ, ಹುಮನಾಬಾದ್ ಕಡೆ ಈಗ ಮಂದಿಯ ಮೈಮೇಲಿನ ಕೊಬ್ಬು ಒಂದು ದಂಧೆ ಆಗಿದೆ. ಕರೆಂಟ್ ಕಂಬಕ್ಕೆ ‘ತೂಕ ಇಳಿಸಬೇಕೆ? ಕರೆ ಮಾಡಿ’ ಎಂಬ ಚೀಟಿ ಅಂಟಿದೆ. ವಾಟ್ಸ್‌ಆ್ಯಪ್ ಸ್ಟೇಟಸ್ ತೆರೆದರೆ ‘ಮೊದಲು–ನಂತರ’ ಎಂಬ ಜೋಡಿ ಫೋಟೊ. ಬಾಡಿಗೆ ಕೋಣೆಯೊಂದರಲ್ಲಿ ಮುಂಜಾನೆ ಆರಕ್ಕೆ ತೂಕದ ಯಂತ್ರ, ಸೊಂಟಕ್ಕೆ ಟೇಪು, ಆಮೇಲೆ ಒಂದು ಗ್ಲಾಸ್ ಶೇಕ್. ಪುಡಿಯ ಡಬ್ಬಿಯ ಬೆಲೆ ಕೇಳಿದರೆ ತಿಂಗಳ ರೇಷನ್ ನೆನಪಾಗುತ್ತದೆ.

ಈ ದಂಧೆ ಪುಡಿಯಿಂದ ಶುರುವಾಗುವುದಿಲ್ಲ, ನಾಚಿಕೆಯಿಂದ ಶುರುವಾಗುತ್ತದೆ. ಮೊದಲು ನಿಮ್ಮ ಮೈ ಸರಿಯಿಲ್ಲ ಎಂದು ನಂಬಿಸಬೇಕು. ಬಾಣಂತನ ಮುಗಿಸಿದ ಅಕ್ಕ, ನಿಶ್ಚಿತಾರ್ಥಕ್ಕೆ ಕಾದಿರುವ ತಂಗಿ, ದಿನವಿಡೀ ಗಲ್ಲಾದ ಮೇಲೆ ಕೂರುವ ಅಂಗಡಿ ಅಣ್ಣ, ಇವರೇ ಗಿರಾಕಿಗಳು. “ಎರಡು ತಿಂಗಳ ತಗೋ ತಂಗಿ, ಹತ್ತು ಕೆಜಿ ಗ್ಯಾರಂಟಿ” ಎಂಬ ಮಾತನ್ನು ನಾವು ಈ ಎರಡು ತಾಲ್ಲೂಕಿನಲ್ಲಿ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಅದೇ ಗಿರಾಕಿಗೆ ಮೂರನೇ ತಿಂಗಳು ಹೇಳುವುದು, “ನೀನೂ ನಾಲ್ಕು ಮಂದೀನ ಸೇರಿಸು, ನಿನಗ ಕಮಿಷನ್ ಬರ್ತದ.” ಇಳಿಯದ ತೂಕದ ಮೇಲೆ ಈಗ ಇನ್ನೊಬ್ಬರಿಗೆ ಮಾರುವ ಹೊಣೆಯೂ ಏರಿತು.

ಬೊಜ್ಜು ಸುಳ್ಳಲ್ಲ

ಬೊಜ್ಜೇ ಇಲ್ಲ, ಎಲ್ಲಾ ಕಂಪನಿಯವರ ಕಥೆ ಅಂತ ನಾವು ಹೇಳುತ್ತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಶೇ. 30ರಷ್ಟು ಹೆಂಗಸರು, ಹೆಚ್ಚುಕಡಿಮೆ ಅಷ್ಟೇ ಗಂಡಸರು ಅಧಿಕ ತೂಕದವರು. ಅದೇ ಸಮೀಕ್ಷೆಯಲ್ಲಿ ಶೇ. 17ರಷ್ಟು ಹೆಂಗಸರು ಇರಬೇಕಾದ್ದಕ್ಕಿಂತ ತೆಳ್ಳಗಿದ್ದಾರೆ. 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಅಂದರೆ ದಪ್ಪ ಕಾಣುವ ಮೈಯೊಳಗೂ ರಕ್ತ ಕಡಿಮೆ ಇರಬಹುದು. ಇಂಥವಳಿಗೆ ‘ರಾತ್ರಿ ಊಟ ಬಿಡು, ಶೇಕ್ ಕುಡಿ’ ಎಂದು ಹೇಳುವವರು ಆಕೆಯ ಹಿಮೋಗ್ಲೋಬಿನ್ ಎಷ್ಟೆಂದು ಕೇಳಿದ್ದಾರೆಯೆ?

ಸಕ್ಕರೆ ಕಾಯಿಲೆ, ಬಿಪಿ, ಮೊಣಕಾಲು ನೋವು, ಹೃದಯದ ತೊಂದರೆ ಇವಕ್ಕೆಲ್ಲ ಬೊಜ್ಜಿನ ನಂಟು ಇದೆ. ಭಾರತೀಯರಿಗೆ ಹೊಟ್ಟೆಯ ಸುತ್ತ ಕೊಬ್ಬು ಸೇರುವುದು ಜಾಸ್ತಿ, ಆದ್ದರಿಂದ ಕಡಿಮೆ ತೂಕದಲ್ಲೇ ಅಪಾಯ ಶುರುವಾಗುತ್ತದೆ. ಹಾಗಾಗಿಯೇ ಇದು ಡಾಕ್ಟರ್ ನೋಡಬೇಕಾದ ಕಾಯಿಲೆ. ಇದನ್ನು ಚಾಳಿ, ಸೋಮಾರಿತನ, ‘ಬಾಯಿ ಕಟ್ಟದವರ ಪಾಡು’ ಅಂತ ಕರೆದ ದಿನವೇ ಪುಡಿ ಮಾರುವವರಿಗೆ ಬಾಗಿಲು ತೆರೆಯಿತು.

ಬಾಯಿ ಕಟ್ಟಿದರೆ ಏನಾಗುತ್ತದೆ?

‘ಬಾಯಿ ಕಟ್ಟು, ತೂಕ ತಾನೇ ಇಳೀತದ’ ಎನ್ನುವವರು 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ನಡೆದದ್ದನ್ನು ಕೇಳಬೇಕು. ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಅವರ ತೂಕ ಕಾಲುಭಾಗದಷ್ಟು ಇಳಿಯಿತು. ಜೊತೆಗೆ ಅವರ ಮನಸ್ಸೂ ಕೆಟ್ಟಿತು. ಎದ್ದರೆ ಕೂತರೆ ಊಟದ್ದೇ ಧ್ಯಾನ, ಅಡುಗೆ ಪುಸ್ತಕ ಓದುವ ಹುಚ್ಚು, ಸಿಟ್ಟು, ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲ. ಊಟ ಮತ್ತೆ ಕೊಟ್ಟಾಗ ಕೆಲವರಿಗೆ ಎಷ್ಟು ತಿಂದರೂ ಹೊಟ್ಟೆ ತುಂಬಿದ ಹಾಗೆ ಅನಿಸಲಿಲ್ಲ. ಇವರು ತಾವಾಗಿಯೇ ಮುಂದೆ ಬಂದ ಗಟ್ಟಿ ಮನಸ್ಸಿನ ಯುವಕರು.

ಇನ್ನೊಂದು ಉದಾಹರಣೆ. ಅಮೆರಿಕದ ಟಿವಿಯಲ್ಲಿ ‘ದಿ ಬಿಗ್ಗೆಸ್ಟ್ ಲೂಸರ್’ ಎಂಬ ತೂಕ ಇಳಿಸುವ ಪಂದ್ಯ ಇತ್ತು. ಅದರಲ್ಲಿ ಗೆದ್ದು ಸೋತ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿದ ಸಂಶೋಧನೆ 2016ರಲ್ಲಿ ಪ್ರಕಟವಾಯಿತು. ಒಬ್ಬರನ್ನು ಬಿಟ್ಟು ಉಳಿದವರೆಲ್ಲರ ತೂಕ ಮತ್ತೆ ಏರಿತ್ತು. ಅವರ ಮೈ ಸುಮ್ಮನೆ ಕೂತಾಗ ಖರ್ಚು ಮಾಡುವ ಶಕ್ತಿ, ಆ ಗಾತ್ರದ ಮೈಗೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಆಗಿತ್ತು. ನಮ್ಮ ಲೆಕ್ಕದಲ್ಲಿ ಮೂರು ಜೋಳದ ರೊಟ್ಟಿಯಷ್ಟು. ಬರಗಾಲ ಬಂದಿದೆ ಎಂದು ತಿಳಿದ ಮೈ ಖರ್ಚು ಕಡಿಮೆ ಮಾಡುತ್ತದೆ, ಹಸಿವು ಹೆಚ್ಚಿಸುತ್ತದೆ.

ಈಗ ನಮ್ಮ ಶೇಕ್ ಕೋಣೆಗೆ ಬನ್ನಿ. ಊಟ ಬಿಟ್ಟು ಪುಡಿ ಕುಡಿದರೆ ಮೊದಲ ತಿಂಗಳು ತೂಕ ಇಳಿಯುತ್ತದೆ, ಖರೆ. ಫೋಟೊ ತೆಗೆಯುವುದು ಆಗಲೇ. ಆರು ತಿಂಗಳ ನಂತರ ತೂಕ ತಿರುಗಿ ಬಂದಾಗ ಯಾರೂ ಫೋಟೊ ತೆಗೆಯುವುದಿಲ್ಲ. “ನೀನೇ ಬಾಯಿ ಕಟ್ಟಲಿಲ್ಲ” ಅಂತ ತಪ್ಪು ಗಿರಾಕಿಯ ತಲೆಗೆ ಕಟ್ಟುತ್ತಾರೆ. ಆಕೆ ನಾಚಿಕೊಂಡು ಇನ್ನೊಂದು ಡಬ್ಬಿ ಒಯ್ಯುತ್ತಾಳೆ. ಗಿರಾಕಿ ಸೋತಷ್ಟೂ ಮಾಲು ಹೋಗುವ ವ್ಯಾಪಾರ ಇದು.

ಈಗ ಇಂಜೆಕ್ಷನ್ ಬಂದಿದೆ

ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಈ ಔಷಧಿಗಳು ಕೆಲಸ ಮಾಡುತ್ತವೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ತೆಗೆದುಕೊಂಡವರಲ್ಲಿ 68 ವಾರಕ್ಕೆ ಸರಾಸರಿ ಶೇ. 15ರಷ್ಟು ತೂಕ ಇಳಿದದ್ದು ದೊಡ್ಡ ಪ್ರಯೋಗದಲ್ಲಿ ಕಂಡಿದೆ. ಆದರೆ ಔಷಧಿ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂತು. ಬಿಪಿ ಗುಳಿಗೆಯ ಹಾಗೆ ಇದೂ ಬಹುಕಾಲ ನಡೆಯಬೇಕಾದ ಚಿಕಿತ್ಸೆ.

ಮೌಂಜಾರೊ ಬಂದಾಗ ಅತಿ ಸಣ್ಣ ಡೋಸಿನ ಒಂದು ಬಾಟಲಿಗೆ 3,500 ರೂಪಾಯಿ, ವಾರಕ್ಕೊಂದು ಬೇಕು. ನಾಲ್ಕು ವಾರಕ್ಕೆ 14,000. ಅದೇ ವರ್ಷ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370. ಅಂದರೆ ಒಂದು ದಿನವೂ ಬಿಡದೆ ತಿಂಗಳಿಡೀ ದುಡಿದರೂ ತಿಂಗಳ ಇಂಜೆಕ್ಷನ್‌ಗೆ ಸಾಲದು. ಬೆಲೆ ಇಳಿದರೂ ಎಚ್ಚರ ಬೇಕು. ಡಾಕ್ಟರ್ ಚೀಟಿ ಇಲ್ಲದೆ ಕೊಡುವ ಔಷಧಿ ಇದಲ್ಲ. ವಾಂತಿ, ಹೊಟ್ಟೆ ತೊಳಸುವುದು ಸಾಮಾನ್ಯ, ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಉರಿಯೂತವೂ ಆಗಬಹುದು. ಜಿಮ್‌ನಲ್ಲಿ, ಪಾರ್ಲರ್‌ನಲ್ಲಿ ಯಾರಾದರೂ ಚುಚ್ಚುತ್ತೇನೆಂದರೆ ಎದ್ದು ಬನ್ನಿ.

‘ಗಿಡಮೂಲಿಕೆ, ಏನೂ ಆಗಲ್ಲ’ ಎನ್ನುವ ಮಾತನ್ನೂ ನಂಬಬೇಡಿ. ಸಿಬುಟ್ರಮೀನ್ ಎಂಬ ತೂಕ ಇಳಿಸುವ ಔಷಧಿ ಹೃದಯಾಘಾತ, ಪಾರ್ಶ್ವವಾಯು ತರುತ್ತದೆಂದು 2010ರಲ್ಲಿ ಅಮೆರಿಕ, ಯುರೋಪಿನಲ್ಲಿ ಮಾರುಕಟ್ಟೆಯಿಂದ ಹೋಯಿತು, 2011ರಲ್ಲಿ ಭಾರತದಲ್ಲೂ ನಿಷೇಧವಾಯಿತು. ಅದಾದ ಮೇಲೂ ‘ಗಿಡಮೂಲಿಕೆ’ ಹೆಸರಿನ ಮಾತ್ರೆಗಳಲ್ಲಿ ಅದನ್ನು ಗುಟ್ಟಾಗಿ ಬೆರೆಸಿದ್ದು ಅಮೆರಿಕದ ಔಷಧಿ ಇಲಾಖೆಯ ಪರೀಕ್ಷೆಗಳಲ್ಲಿ ಪದೇಪದೇ ಸಿಕ್ಕಿದೆ.

ಚೇತನಾ ರಾಜ್ ನೆನಪಿದೆಯೆ?

2022ರ ಮೇ 16. ‘ಗೀತಾ’, ‘ದೊರೆಸಾನಿ’ ಧಾರಾವಾಹಿಗಳಲ್ಲಿ ಕಾಣಿಸಿಕೊಂಡಿದ್ದ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಗೆ ಹೋಗಿ ಜೀವ ಕಳೆದುಕೊಂಡರು. ವಯಸ್ಸು 21. ಚಿಕಿತ್ಸೆಯಲ್ಲಿನ ನಿರ್ಲಕ್ಷ್ಯವೇ ಕಾರಣ ಎಂದು ಹೆತ್ತವರು ಆರೋಪಿಸಿದರು. ಆ ಸುದ್ದಿಯ ಜೊತೆ ಬಂದ ಫೋಟೊಗಳನ್ನು ನಾವೆಲ್ಲ ನೋಡಿದ್ದೇವೆ. ಆ ಹುಡುಗಿ ದಪ್ಪ ಇದ್ದಳೆಂದು ಯಾರಿಗೆ ಅನಿಸಿತ್ತು?

ಟಿವಿಯವರ ಕಥೆ ನಮಗ್ಯಾಕೆ ಅನ್ನಬೇಡಿ. ಹೆಣ್ಣು ನೋಡಲು ಬಂದವರು ಚೂಡಾ ತಿಂದು, ಚಹಾ ಕುಡಿದು, “ಹುಡುಗಿ ಚಲೋ ಅದಾಳ, ಜರಾ ದಪ್ಪ ಅದಾಳ” ಅಂತ ಹೊರಗೆ ಹೋಗಿ ಫೋನ್ ಮಾಡುವುದು ನಮ್ಮ ಓಣಿಯಲ್ಲೇ. ಅದೇ ವಾರ ಆ ಹುಡುಗಿ ರೊಟ್ಟಿ ಬಿಡುತ್ತಾಳೆ. ನೋಡಲು ಬಂದ ಹುಡುಗನ ಹೊಟ್ಟೆ ಅಂಗಿಯ ಗುಂಡಿ ಹರಿಯುತ್ತಿದ್ದರೂ ಅದು ‘ಮನೆತನದ ಕಳೆ’!

ನಡೆಯಿರಿ, ವ್ಯಾಯಾಮ ಮಾಡಿರಿ ಅಂತ ಉಪದೇಶ ಬೇರೆ. ಊರಲ್ಲಿ ಸೊಸೆಯಾದವಳು ಮುಂಜಾನೆ ಬೂಟು ಹಾಕಿಕೊಂಡು ಹೆದ್ದಾರಿ ಬದಿ ನಡೆದರೆ ಕಟ್ಟೆಯ ಮೇಲೆ ಕೂತವರು ಸುಮ್ಮನಿರುತ್ತಾರೆಯೆ? ಜೋಳದ ಹೊಲಕ್ಕೆ ಸೋಯಾ ಬಂತು, ಊರೂರಿಗೆ ಪಾಮ್ ಎಣ್ಣೆಯ ಬಜ್ಜಿ, ಐದು ರೂಪಾಯಿ ಕುರ್ಕುರೆ ಬಂತು, ಕೆಲಸ ಕೂತು ಮಾಡುವುದಾಯಿತು. ಇದೆಲ್ಲ ಮಂದಿ ಸೇರಿ ಮಾಡಿದ ಬದಲಾವಣೆ. ನಾಚಿಕೆ ಮಾತ್ರ ಒಬ್ಬಳದು.

ಕಾನೂನು ಇದೆ, ಹಿಡಿಯುವವರಿಲ್ಲ

1954ರಲ್ಲೇ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಬಂದಿದೆ. ಔಷಧಿಯಿಂದ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡಬಾರದ ರೋಗಗಳ ಪಟ್ಟಿಯಲ್ಲಿ ಬೊಜ್ಜೂ ಇದೆ. ಮೊದಲ ಸಲ ತಪ್ಪು ಸಾಬೀತಾದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಜಾಹೀರಾತು ಎಂದರೆ ಚೀಟಿ, ಲೇಬಲ್ ಅಷ್ಟೇ ಅಲ್ಲ. ಬಾಯಿಮಾತಿನ ಸಾರುವಿಕೆ, ಬೆಳಕು, ಶಬ್ದ, ಹೊಗೆಯಿಂದ ಮಾಡುವ ಪ್ರಚಾರವೂ ಸೇರುತ್ತದೆ ಎಂದು ಅಂದೇ ಬರೆದಿದ್ದಾರೆ.

ಪುಡಿಯವರು ಇದಕ್ಕೆ ಕಂಡುಕೊಂಡ ಉಪಾಯ, ‘ಇದು ಔಷಧಿ ಅಲ್ಲ, ಆಹಾರ’. ಸರಿ, ಆಹಾರವೇ ಆಗಲಿ. 2006ರ ಆಹಾರ ಸುರಕ್ಷತಾ ಕಾಯ್ದೆಯ 53ನೇ ಕಲಂ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷದವರೆಗೆ ದಂಡ ಇದೆ. ‘ಹತ್ತು ಕೆಜಿ ಗ್ಯಾರಂಟಿ’ ಎನ್ನುವ ಚೀಟಿ ಕಂಬದ ಮೇಲೇ ಇದೆ, ಫೋನ್ ನಂಬರೂ ಅದರಲ್ಲೇ ಇದೆ. ಆಹಾರ ಸುರಕ್ಷತಾ ಅಧಿಕಾರಿಗಳು ಇನ್ನೇನು ಸಾಕ್ಷಿ ಕಾಯುತ್ತಿದ್ದಾರೆ?

‘ನೀವು ಪತ್ರಕರ್ತರು, ಡಾಕ್ಟರ್ ಅಲ್ಲ’ ಅಂತ ನಮಗೆ ಹೇಳುವವರಿದ್ದಾರೆ. ಹೌದು, ಅಲ್ಲ. ಶೇಕ್ ಕಲಸುವ ಕೋಚ್ ಕೂಡ ಅಲ್ಲ. ಅದಕ್ಕೇ ಡಾಕ್ಟರ್ ಹತ್ತಿರ ಹೋಗಿ ಅನ್ನುತ್ತಿದ್ದೇವೆ.

ಏನು ಮಾಡಬೇಕು?

30 ವರ್ಷ ದಾಟಿದವರಿಗೆ ಆಶಾ ಕಾರ್ಯಕರ್ತೆ ತುಂಬಿಸುವ ಸಿಬ್ಯಾಕ್ ಎಂಬ ಅರ್ಜಿ ಇದೆ. ಅದರಲ್ಲಿ ಸೊಂಟದ ಅಳತೆಯೂ ಇದೆ. ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದರೆ ಅಂಕ ಬೀಳುತ್ತದೆ. ಒಟ್ಟು ಅಂಕ ನಾಲ್ಕು ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಬಿಪಿ, ಸಕ್ಕರೆ ತಪಾಸಣೆ ಪುಕ್ಕಟೆ. ಸೊಂಟ ಅಳೆಸಿಕೊಳ್ಳುವುದಿದ್ದರೆ ಅಲ್ಲಿ ಅಳೆಸಿಕೊಳ್ಳಿ. ನಿಮ್ಮ ಮನೆಗೆ ಆ ಅರ್ಜಿ ಬಂದಿಲ್ಲವಾದರೆ ಉಪಕೇಂದ್ರಕ್ಕೆ ಹೋಗಿ ಕೇಳಿ, ಅದು ನಿಮ್ಮ ಹಕ್ಕು.

ಸರ್ಕಾರಕ್ಕೆ ನಮ್ಮ ಬೇಡಿಕೆ ಮೂರು. ಹುಮನಾಬಾದ್, ಬಸವಕಲ್ಯಾಣ ಎರಡೂ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಬೊಜ್ಜಿನ ಚಿಕಿತ್ಸೆಗೆ ಡಾಕ್ಟರ್ ಜೊತೆ ಆಹಾರ ತಜ್ಞರು, ಮನಸ್ಸಿನ ಮಾತು ಕೇಳುವ ಆಪ್ತಸಮಾಲೋಚಕರು ಕೂರಬೇಕು. ಕಂಬದ ಮೇಲಿನ ಚೀಟಿಗಳ ಮೇಲೆ ಕೇಸು ಹಾಕಬೇಕು. ಹೆಂಗಸರು ಅಂಜದೆ ನಡೆಯಲು ಶಾಲೆಯ ಮೈದಾನವನ್ನು ಮುಂಜಾನೆ, ಸಂಜೆ ತೆರೆದು ಲೈಟು ಹಾಕಬೇಕು.

ನಮ್ಮ ಓದುಗರಿಗೆ ಒಂದೇ ಮಾತು. ಮದುವೆ ಮನೆಯಲ್ಲಿ ಎದುರು ಸಿಕ್ಕ ಅಕ್ಕನಿಗೆ “ಎಷ್ಟ್ ದಪ್ಪ ಆಗೀ!” ಅನ್ನುವ ಬದಲು “ಆರಾಮ ಇದ್ದೀ?” ಎಂದು ಕೇಳಿ. ಖರ್ಚಿಲ್ಲ. ಪುಡಿ ಮಾರುವವನಿಗೆ ಮಾತ್ರ ಒಂದು ಗಿರಾಕಿ ಕಡಿಮೆ ಆಗುತ್ತದೆ.