ಸನ್ಯಾಸಿ ಕೆಟ್ಟಿದ್ದು ಸಹವಾಸದಿಂದ ಅಲ್ಲ

"ಸಹವಾಸದಿಂದ ಸನ್ಯಾಸಿ ಕೆಟ್ಟ" ಅನ್ನುವ ಗಾದೆ ನಮ್ಮ ಊರುಗಳಲ್ಲಿ ಎಲ್ಲರ ಬಾಯಲ್ಲೂ ಇದೆ. ಮಗ ಓದಿನಲ್ಲಿ ಹಿಂದೆ ಬಿದ್ದರೆ ಗೆಳೆಯರು ಕಾರಣ. ಮಗಳು ಫೋನಿನಲ್ಲಿ ನಗುತ್ತಾ ಮಾತಾಡಿದರೆ ಗೆಳತಿಯರು ಕಾರಣ. ಈಗ ಈ ಆರೋಪಿಗಳ ಸಾಲಿಗೆ ಹೊಸದೊಂದು ಸೇರಿದೆ: ಹೊರದೇಶದ ಸೀರಿಯಲ್. ಕೊರಿಯಾದ್ದು, ಥಾಯ್ಲೆಂಡಿನದು. ಅದನ್ನು ನೋಡಿ ಮಕ್ಕಳು ಕೆಡುತ್ತಿದ್ದಾರಂತೆ.

ಕೆಡಿಸುವುದು ಸಹವಾಸವಲ್ಲ, ಸಹವಾಸ ಸಿಗದೇ ಇರುವುದು ಅಂತ ನಾವು ವಾದಿಸುತ್ತೇವೆ. ಇದಕ್ಕೆ ಸಾಕ್ಷಿಯಾಗಿ ಜನ ಬೈಯುವ ಅದೇ ಥಾಯ್ ಸೀರಿಯಲ್‌ಗಳಲ್ಲಿ ಒಂದನ್ನು ಎತ್ತಿಕೊಳ್ಳುತ್ತೇವೆ. ಅದರ ಹೆಸರು "ಹಾರ್ಮೋನ್ಸ್". ಥಾಯ್ ಭಾಷೆಯಲ್ಲಿ ಹೆಸರಿನ ಜೊತೆ "ವೈ ವಾ ವುನ್" ಅಂತ ಸೇರಿಸಿದ್ದಾರೆ. ತಳಮಳದ ವಯಸ್ಸು ಅಂತ ಅರ್ಥ.

ಏನಿದೆ ಇದರಲ್ಲಿ?

ಈ ಸೀರಿಯಲ್ ಶುರುವಾಗಿದ್ದು 2013ರ ಮೇ 18ರಂದು. ಶನಿವಾರ ರಾತ್ರಿ ಬರುತ್ತಿತ್ತು, ಯೂಟ್ಯೂಬ್‌ನಲ್ಲೂ ಸಿಗುತ್ತಿತ್ತು. ಮೊದಲ ಭಾಗ 13 ಕಂತು. 2014ರಲ್ಲಿ ಎರಡನೆಯದು, 2015ರಲ್ಲಿ ಮೂರನೆಯದು ಬಂದು ಮುಗಿಯಿತು. ಮೊದಲ ಭಾಗದ ನಿರ್ದೇಶಕ ಸೊಂಗ್ಯೋಸ್ ಸುಗ್ಮಕನನ್. ಇವರು 2006ರಲ್ಲಿ "ದೆಕ್ ಹೋ" ಅನ್ನುವ ಸಿನಿಮಾ ಮಾಡಿದ್ದರು. ಅಪ್ಪ ತಂದು ಹಾಸ್ಟೆಲ್ ಶಾಲೆಗೆ ಬಿಟ್ಟ ಹುಡುಗನೊಬ್ಬನಿಗೆ ಅಲ್ಲಿ ಸಿಗುವ ಒಬ್ಬನೇ ಗೆಳೆಯ ಒಂದು ದೆವ್ವ. ಒಂಟಿ ಮಕ್ಕಳ ಕಥೆ ಹೇಳುವುದು ಈ ಮನುಷ್ಯನಿಗೆ ಹೊಸದಲ್ಲ.

"ಹಾರ್ಮೋನ್ಸ್"ನಲ್ಲಿ ಒಬ್ಬ ಹೀರೋ, ಒಬ್ಬಳು ಹೀರೋಯಿನ್ ಅಂತ ಇಲ್ಲ. ಬ್ಯಾಂಕಾಕ್‌ನ ಒಂದು ಹೈಸ್ಕೂಲಿನ ಹುಡುಗ ಹುಡುಗಿಯರ ಗುಂಪೇ ಕಥೆ. ಒಂದೊಂದು ಕಂತು ಒಬ್ಬೊಬ್ಬರ ಹಿಂದೆ ಹೋಗುತ್ತದೆ.

ಖ್ವಾನ್ ಅನ್ನುವ ಹುಡುಗಿ ಶಾಲೆಗೇ ಮಾದರಿ. ಮೇಷ್ಟ್ರುಗಳಿಗೆಲ್ಲ ಅಚ್ಚುಮೆಚ್ಚು. ಅವಳ ಅಪ್ಪನಿಗೆ ಎರಡು ಸಂಸಾರ ಅನ್ನುವ ಸತ್ಯ ಗೊತ್ತಾದ ದಿನ, ಅದನ್ನು ಹೇಳಿಕೊಳ್ಳಲು ಅವಳಿಗೆ ಜಾಗವಿಲ್ಲ. ಯಾಕೆಂದರೆ ಒಳ್ಳೆ ಹುಡುಗಿಗೆ ಕಷ್ಟ ಇರಬಾರದು ಅಂತ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ. ತೋಯ್ ಅನ್ನುವ ಹುಡುಗಿ ಹುಡುಗರ ಜೊತೆ ಸಲುಗೆಯಿಂದ ಮಾತಾಡುತ್ತಾಳೆ. ಅಷ್ಟಕ್ಕೇ ಉಳಿದ ಹುಡುಗಿಯರು ಬೆನ್ನ ಹಿಂದೆ ಆಡಿಕೊಂಡು ಅವಳನ್ನು ದೂರ ಇಡುತ್ತಾರೆ. ಫೂ ಅನ್ನುವ ಹುಡುಗನಿಗೆ ತೋಯ್ ಮೇಲೂ ಮನಸ್ಸು, ತೀ ಅನ್ನುವ ಹುಡುಗನ ಮೇಲೂ ಮನಸ್ಸು. ಇದನ್ನು ಯಾರ ಹತ್ತಿರ ಹೇಳಬೇಕು ಅಂತ ಅವನಿಗೆ ತಿಳಿಯದು. ದಾವ್ ಅನ್ನುವ ಹುಡುಗಿ ಪ್ರೀತಿಸಿದವನ ಜೊತೆ ಸೇರಿ, ಗರ್ಭ ನಿಂತಿತೇನೋ ಅನ್ನುವ ಹೆದರಿಕೆಯಲ್ಲಿ ದಿನ ದೂಡುತ್ತಾಳೆ. ವಿನ್ ಅನ್ನುವವನು ಸಮವಸ್ತ್ರ ಯಾಕೆ ಹಾಕಬೇಕು ಅಂತ ಕೇಳಿ, ಬೇರೆ ಬಟ್ಟೆ ತೊಟ್ಟು ಶಾಲೆಗೆ ಬರುತ್ತಾನೆ.

ಇವರೆಲ್ಲ ಒಂದೇ ಶಾಲೆ, ಒಂದೇ ಕಾರಿಡಾರ್, ಒಂದೇ ಕ್ಯಾಂಟೀನ್. ಆದರೂ ಒಬ್ಬೊಬ್ಬರೂ ಒಂಟಿ. ಮನೆಯಲ್ಲಿ ಅಪ್ಪ ಅಮ್ಮ ಇದ್ದಾರೆ, ಶಾಲೆಯಲ್ಲಿ ಮೇಷ್ಟ್ರು ಇದ್ದಾರೆ. ಬುದ್ಧಿ ಹೇಳಲು ಬೇಕಾದಷ್ಟು ಜನ. ಕೇಳಿಸಿಕೊಳ್ಳಲು ಮಾತ್ರ ಯಾರೂ ಇಲ್ಲ. ಕೊನೆಗೆ ಉಳಿಯುವುದು ಗೆಳೆತನ ಒಂದೇ. ಅದೂ ತಪ್ಪು ಮಾಡುವ, ಮುನಿಸಿಕೊಳ್ಳುವ, ಮತ್ತೆ ಬಂದು ಪಕ್ಕ ಕೂರುವ ಗೆಳೆತನ.

ಯಾರಿಗೆ ಕೋಪ ಬಂತು?

2013ರಲ್ಲೇ ಥಾಯ್ಲೆಂಡಿನಲ್ಲಿ ಗಲಾಟೆ ಎದ್ದಿತು. ಟಿವಿಯವರ ಮೇಲೆ ಕಣ್ಣಿಡುವ ಅಲ್ಲಿನ ರಾಷ್ಟ್ರೀಯ ಪ್ರಸಾರ ಮತ್ತು ದೂರಸಂಪರ್ಕ ಆಯೋಗ ಸೀರಿಯಲ್‌ನ ದೃಶ್ಯಗಳ ಬಗ್ಗೆ ತಕರಾರು ತೆಗೆಯಿತು. ಶಾಲೆಯ ಬಟ್ಟೆ ತೊಟ್ಟ ಮಕ್ಕಳು ಸಿಗರೇಟು, ಹೊಡೆದಾಟ, ದೇಹಸಂಬಂಧ ಅಂತ ತೋರಿಸುವುದು ಸರಿಯೇ ಅನ್ನುವುದು ಪ್ರಶ್ನೆ.

ಪ್ರಶ್ನೆ ಕೇಳಲಿ, ಅದು ಅವರ ಕೆಲಸ. ಆದರೆ ಅದೇ ದೇಶದ ಟಿವಿಯಲ್ಲಿ ಅದಕ್ಕೂ ಮೊದಲು ಏನು ಬರುತ್ತಿತ್ತು ಅಂತ ನೋಡಿ. ಥಾಯ್ಲೆಂಡಿನಲ್ಲಿ ದೊಡ್ಡ ವಾಹಿನಿಗಳ ರಾತ್ರಿ ಧಾರಾವಾಹಿಗಳಿಗೆ "ಲಕೋನ್" ಅನ್ನುತ್ತಾರೆ. ಅದರಲ್ಲಿ ಒಂದು ಹಳೆಯ ಸೂತ್ರವಿದೆ: ನಾಯಕ ನಾಯಕಿಯ ಮೇಲೆ ಬಲಾತ್ಕಾರ ಮಾಡುತ್ತಾನೆ, ಕಥೆ ಮುಗಿಯುವಾಗ ಅವರಿಬ್ಬರಿಗೂ ಪ್ರೀತಿ ಹುಟ್ಟಿರುತ್ತದೆ. 2008ರ "ಸವನ್ ಬಿಯಾಂಗ್" ಅನ್ನುವ ಜನಪ್ರಿಯ ಲಕೋನ್ ಇಂಥದ್ದೇ. ಇದು ಮನೆಮಂದಿಯೆಲ್ಲ ಕೂತು ನೋಡುವ ಮನರಂಜನೆ. ಹೆದರಿದ ಹುಡುಗಿಯೊಬ್ಬಳು ಮುಂದೇನು ಮಾಡಲಿ ಅಂತ ಚಡಪಡಿಸುವುದನ್ನು ತೋರಿಸಿದರೆ ಮಾತ್ರ ಸಂಸ್ಕೃತಿಗೆ ಧಕ್ಕೆ!

ಇದು ನಮಗೂ ಹೊಸದಲ್ಲ. ಸಂಜೆ ಏಳಕ್ಕೆ ಸೊಸೆಯ ಊಟಕ್ಕೆ ವಿಷ ಬೆರೆಸುವ ಅತ್ತೆಯನ್ನು ನೋಡುತ್ತಾ ನಾವು ಮುದ್ದೆ ಮುರಿಯುತ್ತೇವೆ. ಅದು ಸಂಸಾರದ ಕಥೆ. ಹದಿನಾರರ ಹುಡುಗಿ "ನನಗೆ ಬೇಜಾರಾಗಿದೆ" ಅಂದರೆ ಅದು ಕೊಬ್ಬು.

ಗಲಾಟೆಯಾದ ಮೂರೇ ವರ್ಷಕ್ಕೆ, 2016ರಲ್ಲಿ, ಥಾಯ್ಲೆಂಡ್ ಒಂದು ಕಾನೂನು ತಂದಿತು. ಹದಿಹರೆಯದ ಹುಡುಗಿಯರು ಬಸಿರಾಗುವುದನ್ನು ತಡೆಯುವ, ಆದವರಿಗೆ ನೆರವಾಗುವ ಕಾನೂನು ಅದು. 10 ದಾಟಿ 20 ತುಂಬದ ಮಕ್ಕಳಿಗೆ ದೇಹದ ಬಗ್ಗೆ ಸರಿಯಾದ ತಿಳಿವಳಿಕೆ ಪಡೆಯುವ ಹಕ್ಕಿದೆ, ಆರೋಗ್ಯ ಸೇವೆ ಪಡೆಯುವ ಹಕ್ಕಿದೆ, ಅವರ ಗುಟ್ಟು ಕಾಪಾಡಬೇಕು ಅಂತ ಅದು ಹೇಳುತ್ತದೆ. ಟಿವಿಯಲ್ಲಿ ದಾವ್‌ಳ ಹೆದರಿಕೆ ನೋಡಿ ಹುಬ್ಬು ಗಂಟಿಕ್ಕಿದ ದೇಶವೇ, ಅಂಥ ಹೆದರಿಕೆ ನಿಜ, ಅದಕ್ಕೆ ಕಾನೂನೇ ಬೇಕು ಅಂತ ಒಪ್ಪಿಕೊಂಡಿತು.

ಬಾಯಿಪಾಠದ ಮೌಲ್ಯ

ಎರಡನೇ ಭಾಗ ಬರುವ ಹೊತ್ತಿಗೆ ಥಾಯ್ಲೆಂಡಿನಲ್ಲಿ ಸರ್ಕಾರವೇ ಬದಲಾಗಿತ್ತು. 2014ರ ಮೇ 22ರಂದು ಸೇನೆ ಅಧಿಕಾರ ಹಿಡಿಯಿತು. ಸೇನಾ ಮುಖ್ಯಸ್ಥ ಪ್ರಯುತ್ ಚಾನ್ ಓಚಾ ಅದೇ ವರ್ಷ 12 ಮೌಲ್ಯಗಳ ಪಟ್ಟಿ ಕೊಟ್ಟರು. ಶಾಲೆ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಒಪ್ಪಿಸಬೇಕು. ತಂದೆ ತಾಯಿಗೆ, ಗುರುಗಳಿಗೆ ಕೃತಜ್ಞರಾಗಿರಬೇಕು, ಹಿರಿಯರನ್ನು ಗೌರವಿಸಬೇಕು, ಶಿಸ್ತು ಇರಬೇಕು. ಒಳ್ಳೆಯ ಮಾತುಗಳೇ. ಆದರೆ ಇವೆಲ್ಲ ಕಿರಿಯರು ಹಿರಿಯರಿಗೆ ಸಲ್ಲಿಸಬೇಕಾದ ಬಾಕಿ. ಹಿರಿಯರು ಕಿರಿಯರಿಗೆ ಕೊಡಬೇಕಾದ ಬಾಕಿಯ ಲೆಕ್ಕ ಎಲ್ಲಿ?

ಆ ಲೆಕ್ಕವನ್ನು ಆರು ವರ್ಷದ ನಂತರ ಮಕ್ಕಳೇ ಕೇಳಿದರು. 2020ರಲ್ಲಿ ಥಾಯ್ ಶಾಲಾ ಮಕ್ಕಳು ತಮ್ಮ ಗುಂಪಿಗೆ "ಕೆಟ್ಟ ವಿದ್ಯಾರ್ಥಿ" ಅಂತಲೇ ಹೆಸರಿಟ್ಟುಕೊಂಡು ಬೀದಿಗೆ ಬಂದರು. ಹುಡುಗರ ತಲೆ ಬೋಳಿಸಿದಂತೆ ಕತ್ತರಿಸುವುದು, ಹುಡುಗಿಯರ ಕೂದಲು ಕಿವಿಯ ತುದಿ ದಾಟಬಾರದು ಅನ್ನುವುದು, ತಪ್ಪಿದರೆ ಎಲ್ಲರೆದುರು ಅವಮಾನ ಮಾಡುವುದು, ಇವೆಲ್ಲ ನಿಲ್ಲಲಿ ಅಂದರು. ಡಿಸೆಂಬರ್ 1ರಂದು ಸಮವಸ್ತ್ರ ಬಿಟ್ಟು ಸಾಮಾನ್ಯ ಬಟ್ಟೆಯಲ್ಲಿ ಶಾಲೆಗೆ ಬನ್ನಿ ಅಂತ ಕರೆ ಕೊಟ್ಟರು. ಏಳು ವರ್ಷ ಹಿಂದೆ ವಿನ್ ಅನ್ನುವ ಪಾತ್ರ ಮಾಡಿದ್ದೂ ಅದನ್ನೇ.

ಸೀರಿಯಲ್ ನೋಡಿ ಮಕ್ಕಳು ದಂಗೆ ಎದ್ದರು ಅಂತ ನಾವು ಹೇಳುತ್ತಿಲ್ಲ. ಹಾಗೆ ಹೇಳುವವರು ಮಕ್ಕಳಿಗೆ ಸ್ವಂತ ಬುದ್ಧಿ ಇಲ್ಲ ಅಂದುಕೊಂಡವರು. ಮಕ್ಕಳ ಮನಸ್ಸಿನಲ್ಲಿ ಕುದಿಯುತ್ತಿದ್ದದ್ದನ್ನು ಒಂದು ಸೀರಿಯಲ್ ಮೊದಲೇ ಕೇಳಿಸಿಕೊಂಡಿತ್ತು ಅನ್ನುವುದಷ್ಟೇ ನಮ್ಮ ಮಾತು. ಅಧಿಕಾರದಲ್ಲಿ ಇದ್ದವರಿಗೆ ಆ ಏಳು ವರ್ಷದಲ್ಲಿ ಅಷ್ಟೂ ಮಾಡಲಾಗಲಿಲ್ಲ.

ಇದರಲ್ಲಿ ಹಳ್ಳಿ ಎಲ್ಲಿ?

ಹೊಗಳಿದ್ದು ಸಾಕು, ಜಗಳವನ್ನೂ ಆಡೋಣ. "ಹಾರ್ಮೋನ್ಸ್" ಪಟ್ಟಣದ ಕಥೆ. ಶಾಲೆ ಚೆಂದ, ಹುಡುಗ ಹುಡುಗಿಯರೂ ಚೆಂದ. ಥಾಯ್ಲೆಂಡಿನ ಈಶಾನ್ಯದಲ್ಲಿ ಈಸಾನ್ ಅನ್ನುವ ಬಡ ಸೀಮೆ ಇದೆ. ಭತ್ತ ಬೆಳೆಯುವ ಜನ. ಅಲ್ಲಿಂದ ಅಪ್ಪ ಅಮ್ಮಂದಿರು ಕೂಲಿಗೆ, ಫ್ಯಾಕ್ಟರಿ ಕೆಲಸಕ್ಕೆ, ಟ್ಯಾಕ್ಸಿ ಓಡಿಸಲಿಕ್ಕೆ ಬ್ಯಾಂಕಾಕ್‌ಗೆ ಹೋಗುತ್ತಾರೆ. ಮಕ್ಕಳು ಅಜ್ಜ ಅಜ್ಜಿಯರ ಹತ್ತಿರ ಉಳಿಯುತ್ತಾರೆ. ಆ ದೇಶದಲ್ಲಿ ಸುಮಾರು ಐದರಲ್ಲಿ ಒಂದು ಮಗು ಅಪ್ಪ ಅಮ್ಮ ಇಬ್ಬರೂ ಹತ್ತಿರವಿಲ್ಲದೆ ಬೆಳೆಯುತ್ತದೆ. ಒಂಟಿತನದ ಕಥೆ ಹೇಳಲು ಹೊರಟವರಿಗೆ ಇದಕ್ಕಿಂತ ದೊಡ್ಡ ಕಥೆ ಇತ್ತೇ? ಕ್ಯಾಮೆರಾ ಮಾತ್ರ ಬ್ಯಾಂಕಾಕ್ ಬಿಟ್ಟು ಅತ್ತ ಹೊರಡಲಿಲ್ಲ.

ಈ ಕೊರತೆ ನಮಗೆ ಚುಚ್ಚುವುದಕ್ಕೆ ಕಾರಣವಿದೆ. ರಾಯಚೂರು, ಯಾದಗಿರಿ, ಕಲಬುರಗಿಯ ಎಷ್ಟು ಮನೆಗಳಲ್ಲಿ ಗುಳೆ ಹೋದ ಅಪ್ಪ ಅವ್ವ ಬೆಂಗಳೂರಿನ ಕಟ್ಟಡ ಕೆಲಸದಲ್ಲಿದ್ದಾರೆ, ಮಕ್ಕಳು ಅಜ್ಜಿ ಹತ್ತಿರ ಇದ್ದಾರೆ! ರಾತ್ರಿ ಫೋನಿನಲ್ಲಿ "ಉಂಡ್ಯಾ? ಸಾಲಿಗೆ ಹೋಗಿದ್ಯಾ?" ಅಂತ ಎರಡು ಪ್ರಶ್ನೆ. ಮೂರನೆಯ ಪ್ರಶ್ನೆಗೆ ಹೊತ್ತಿಲ್ಲ, ದಣಿವು. ಆ ಅಪ್ಪ ಅವ್ವನನ್ನು ನಾವು ದೂರುವುದಿಲ್ಲ. ಆ ಮೂರನೆಯ ಪ್ರಶ್ನೆಯನ್ನು ಗೆಳೆಯನೋ ಗೆಳತಿಯೋ ಕೇಳಿದಾಗ "ಸಹವಾಸ ಕೆಡಿಸಿತು" ಅನ್ನುವ ಊರಿನ ಹಿರಿಯರನ್ನು ದೂರುತ್ತೇವೆ.

ಬಾಗಿಲು ಮುಚ್ಚಿದ್ದು ಯಾರು?

ಥಾಯ್ಲೆಂಡಿನವರು ಒಂದು ಸೀರಿಯಲ್‌ಗೆ ಹೆದರಿದರು ಅಂತ ನಗುವ ಮೊದಲು ನಮ್ಮದನ್ನೂ ನೆನೆಯೋಣ. ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ಕೊಡುವ ಕಾರ್ಯಕ್ರಮವನ್ನು 2007ರಲ್ಲಿ ತಡೆದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇತ್ತು. ಶಾಲೆಯಲ್ಲಿ ಹೇಳಬೇಡಿ ಅಂದೆವು. ಮನೆಯಲ್ಲಂತೂ ಹೇಳುವುದಿಲ್ಲ. ಉಳಿದದ್ದು ಗೆಳೆಯರು ಮತ್ತು ಫೋನು. ಈಗ ಅವೆರಡನ್ನೂ ಬೈಯುತ್ತಿದ್ದೇವೆ. ನಾಲ್ಕು ಬಾಗಿಲಲ್ಲಿ ಮೂರನ್ನು ಮುಚ್ಚಿ, ಮಗು ನಾಲ್ಕನೆಯದರಲ್ಲಿ ಯಾಕೆ ಹೋಯಿತು ಅಂತ ಕೇಳುವುದು ಯಾವ ನ್ಯಾಯ?

"ಹಾಗಾದರೆ ಏನು ಬೇಕಾದರೂ ನೋಡಲಿ ಅಂತೀರಾ?" ಅಂತ ಯಾರಾದರೂ ಕೇಳಬಹುದು. ಇಲ್ಲ. ಹತ್ತು ವರ್ಷದ ಮಗುವಿಗೆ "ಹಾರ್ಮೋನ್ಸ್" ಅಲ್ಲ. ಹದಿನಾರರ ಮಗು ನೋಡುತ್ತಿದ್ದರೆ ಫೋನ್ ಕಿತ್ತುಕೊಳ್ಳಬೇಡಿ, ಪಕ್ಕ ಕೂತು ಒಂದು ಕಂತು ನೋಡಿ. ಭಾಷೆ ಬಾರದಿದ್ದರೂ ಪರವಾಗಿಲ್ಲ, "ಈ ಹುಡುಗಿ ಯಾಕೆ ಅಳುತ್ತಿದ್ದಾಳೆ?" ಅಂತ ಕೇಳಿ. ಮಗು ಹೇಳುತ್ತದೆ. ಆ ಹುಡುಗಿಯ ಕಥೆ ಹೇಳುತ್ತಾ ತನ್ನದನ್ನೂ ಹೇಳೀತು.

ಊರಿನ ಮಟ್ಟಿಗೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಹುಡುಗರಿಗೆ ಅರಳಿಕಟ್ಟೆ ಇದೆ, ಬಸ್ ಸ್ಟ್ಯಾಂಡ್ ಇದೆ. ಹುಡುಗಿಯರು ನಾಲ್ಕು ಜನ ಸೇರಿ ಯಾರ ಕಣ್ಣಿಗೂ ಗುರಿಯಾಗದೆ ಒಂದು ಗಂಟೆ ಕೂರುವ ಜಾಗ ನಿಮ್ಮ ಊರಿನಲ್ಲಿ ಎಲ್ಲಿದೆ, ಹೇಳಿ. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಸಂಜೆ ಒಂದು ಗಂಟೆ ಅದನ್ನು ಹುಡುಗ ಹುಡುಗಿಯರಿಗೆ ಅಂತಲೇ ತೆರೆದಿಡಿ. ಕೂತು ಮಾತಾಡಲಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ, ನಡಾವಳಿಯಲ್ಲಿ ಬರೆಸಿ.

ಎರಡು ವಿಷಯ ಇದನ್ನು ಓದುತ್ತಿರುವ ಹುಡುಗ ಹುಡುಗಿಯರಿಗೆ. ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗೆ ಅಂತಲೇ ಸ್ನೇಹ ಕ್ಲಿನಿಕ್ ಅನ್ನುವ ವ್ಯವಸ್ಥೆ ಇದೆ. ನಿಮ್ಮ ಆಶಾ ಅಕ್ಕನನ್ನು ಕೇಳಿದರೆ ಹತ್ತಿರದ್ದು ಎಲ್ಲಿದೆ ಅಂತ ತಿಳಿದೀತು. ಮನಸ್ಸು ತೀರಾ ಭಾರವಾದರೆ 14416ಕ್ಕೆ ಕರೆ ಮಾಡಿ. ಅದು ಟೆಲಿಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಹಿರಿಯರಿಗೆ ಒಂದೇ ಮಾತು. ಇನ್ನೊಂದು ಸಲ ಆ ಗಾದೆ ಹೇಳುವ ಮುಂಚೆ, ನಿಮ್ಮ ಮಗುವಿನ ಮೂವರು ಗೆಳೆಯರ ಹೆಸರು ಹೇಳಿ ನೋಡೋಣ. ಬರಲಿಲ್ಲ ಅಂದರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ ತಿಳಿದುಕೊಳ್ಳಿ. ಟಿವಿ ಆರಿಸಿ ಕೇಳಿ.